ಕೈಯ ಭಾಗಾಕಾರ

ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ
ಬೆಳಗಿನ ಮೊದಲ ಹಾಜರಿ ಜೇನುನೊಣಗಳದು,
ಎರಡನೆಯದು ರಾಜೇಸಾಬ ನದಾಫರದು.
ನಾನು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವಳು,
ಬಸ್ಸು ಸಿಕ್ಕರೆ ಹತ್ತಕ್ಕೆ.

ಎಲೆಕ್ಟ್ರಾನಿಕ್ ಕಾಟಾ ಬಂದು ಒಂಬತ್ತು ವರ್ಷ.
ಆದರೂ ರೈತರು ಪೆಂಟಿಯನ್ನು
ಮೊದಲು ಅವರ ಅಂಗೈ ಮೇಲೇ ಇಡುತ್ತಾರೆ.
ಕಣ್ಣು ಮುಚ್ಚಿ, ತುಸು ಮೇಲೆ ಕೆಳಗೆ ಆಡಿಸಿ,
"ಹತ್ತಕ್ಕ ಪಾವ ಕಿಲೋ ಕಮ್ಮಿ" ಅನ್ನುತ್ತಾರೆ.
ಕೆಂಪು ಅಂಕಿ ಆಮೇಲೆ ಹೌದೆನ್ನುತ್ತದೆ.

ಒಂದು ಮಧ್ಯಾಹ್ನ ಸವಾಲು ಮುಗಿದು
ಬಸಿಯಲ್ಲಿ ಚಹಾ ಆರುತ್ತಿದ್ದಾಗ ಹೇಳಿದರು:
"ಒಂದು ಕಿಲೋ ಬೆಲ್ಲದ ಮ್ಯಾಲ ಒಂದು ಚೂರು ಇಡು,
ಕೈ ಎಚ್ಚರಾಗತೈತಿ.
ಹತ್ತು ಕಿಲೋದ ಮ್ಯಾಲ ಅಷ್ಟ ಚೂರು ಇಡು,
ಮಲಗೇ ಇರತೈತಿ. ಎಬ್ಬಸಾಕ ಹತ್ತು ಚೂರು ಬೇಕು.
ಇನ್ನ ಕ್ವಿಂಟಲ್ ಹೊತ್ತ ಬೆನ್ನಿಗೆ
ಪಾರಿವಾಳ ಬಂದು ಕುಂತರೂ ತಿಳಿಯೂದಿಲ್ಲ.
ಕೈಗೆ ಕೂಡಿಸಾಕ ಬರೂದಿಲ್ಲವ್ವಾ,
ಬರೂದು ಭಾಗಾಕಾರ ಒಂದ."

ನನ್ನ ಪುಸ್ತಕದಲ್ಲಿ ಎಲ್ಲ ಬರೀ ಕೂಡಿಕೆ.
ಅಂದಿನಿಂದ ಅದರ ಮೇಲೆ ಗುಮಾನಿ ಶುರುವಾಯಿತು.
ಮೊದಲ ಪಗಾರದಲ್ಲಿ ನೂರರ ನೋಟೊಂದು ಹೆಚ್ಚು ಬಂದಾಗ
ರಾತ್ರಿಯಿಡೀ ನಿದ್ದೆ ಬರಲಿಲ್ಲ ನನಗೆ.
ಸಾವುಕಾರರು ಎಂಬತ್ತು ಸಾವಿರ ಮುಳುಗಿದ್ದಕ್ಕೆ
ಹೂಂ ಅಂದು ಎಲೆಗೆ ಸುಣ್ಣ ಸವರಿದರು.
ಎರಡನೆಯ ಇಯತ್ತೆಯಲ್ಲಿ ದಸರೆಯ ರಜೆ
ನಡೆದರೂ ಮುಗಿಯದ ಒಂದು ದೇಶ.
ಈಗ ವರ್ಷವೆಂದರೆ
ಅದೇ ಮೊಳೆ, ಕ್ಯಾಲೆಂಡರು ಬೇರೆ.
ಟಿವಿಯಲ್ಲಿ ಮೂವರು ಸತ್ತರೆಂದಾಗ ಹೆಸರು ಕೇಳಿದೆವು,
ಮೂರು ಸಾವಿರವೆಂದಾಗ
ಯಾರೋ ಚಾನೆಲ್ ತಿರುವಿದರು. ಯಾರೋ ಏನು, ನಾನೇ.

ಕಾಟಾಕ್ಕೆ ಪ್ರತಿ ಗ್ರಾಮೂ ಒಂದೇ.
ಅದರ ಮೇಲೆ ನನಗೆಂದೂ ಪ್ರೀತಿ ಹುಟ್ಟಲಿಲ್ಲ.
ಸತ್ತವರನ್ನು ಎಣಿಸುವಾಗ ಮಾತ್ರ
ಅದೇ ಇರಲಿ, ಕೈ ಬೇಡ, ಅನ್ನಿಸಿತು.

ಶ್ರಾವಣದಲ್ಲಿ ನನ್ನ ಮಗಳು ಏಳು ವಾರ ಮೊದಲೇ ಬಂದಳು.
ಜಮಖಂಡಿಯ ದವಾಖಾನೆ. ಗಾಜಿನ ಪೆಟ್ಟಿಗೆ.
ಒಂದು ಕಿಲೋ ಮುನ್ನೂರ ಎಂಬತ್ತು.
ಮರುದಿನ ಎಪ್ಪತ್ತು. ಅದರ ಮರುದಿನ ಐವತ್ತು.
ನೂರಾರು ಕ್ವಿಂಟಲ್ ಬರೆದ ಇದೇ ಬೆರಳು
ಆ ಇಪ್ಪತ್ತು ಗ್ರಾಮಿನ ಕೆಳಗೆ ಅಪ್ಪಚ್ಚಿಯಾಯಿತು.

ಶುಕ್ರವಾರ ರಾಜೇಸಾಬರು ಬಂದು ಒಮ್ಮೆ ಎತ್ತಿಕೊಂಡಿದ್ದರು,
ಏನೂ ಅಂದಿರಲಿಲ್ಲ.
ಮತ್ತೆ ಬಂದದ್ದು ಮಂಗಳವಾರ. ಅಂದು
ವಾರ್ಡಿನ ತೂಕದ ಯಂತ್ರದ ಸೆಲ್ಲು ಸತ್ತಿತ್ತು.
ಮೊಳಕೈವರೆಗೆ ಮೂರು ಸಲ ಸಾಬೂನು ಹಚ್ಚಿ ತೊಳೆದರೂ
ಕೈಗೆ ಬೆಲ್ಲದ ವಾಸನೆ.
ನರ್ಸು ಮೂಗು ಮುರಿದಳು, ಆಮೇಲೆ ಕೊಟ್ಟಳು.

ಮೇಲೆ ಕೆಳಗೆ ಆಡಿಸಲಿಲ್ಲ.
ಕಣ್ಣು ಮುಚ್ಚಿ ಸುಮ್ಮನೆ ನಿಂತರು.
ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು
ಹೋಗಿ ಮುಗಿಯುವವರೆಗೂ ನಿಂತರು.
"ನಾಕು ತೊಲಿ," ಅಂದರು.
ನಾನು ಉಸಿರಾಡಲಿಲ್ಲ.
"ಹೆಚ್ಚಾಗ್ಯಾಳ."

ಸಂಜೆ ಹೊಸ ಸೆಲ್ಲು ಹಾಕಿ ತೂಗಿದರಂತೆ,
ಹಾಳೆಯಲ್ಲಿ ಏನು ಬರೆದರೋ, ನಾನು ನೋಡಲಿಲ್ಲ.
ನನಗೆ ನೆನಪಿರುವುದು ಬಾಗಿಲಲ್ಲಿ
ಚಪ್ಪಲಿ ಮೆಟ್ಟುತ್ತ ತೋಳು ತಿಕ್ಕಿಕೊಂಡ ಮನುಷ್ಯ:
"ಇಷ್ಟು ಹಗೂರಂದು ಎತ್ತಿ ಭಾಳ ವರ್ಷ ಆಗಿತ್ತವ್ವಾ,
ರಟ್ಟಿ ನೋಯಾಕತ್ತಾವ."