ಹೆಚ್ಚಿಗಿ ಕಾಳು

ನಂಗ ಲೆಕ್ಕ ಅಂದ್ರ ರೊಟ್ಟಿ ಲೆಕ್ಕ.
ನೂರಾ ಹನ್ನೆರಡು ಹುಡಿಗೇರು, ತಲೀಗೆ ಎರಡು,
ಸೋಮವಾರ ಉಪವಾಸದವ್ರನ್ನ ಬಿಟ್ಟು.
ಸೋಲಾಪುರ ರಸ್ತೇದ ಹಾಸ್ಟೆಲ್ಲಿನಾಗ
ಹದಿನೇಳು ವರ್ಷ ರೊಟ್ಟಿ ಬಡದೀನಿ,
ಎಣಿಕಿ ತಪ್ಪಿದ್ದು ಒಂದ ಸಲ.
ಅದನ್ನ ಹೇಳಬೇಕು.

ದಾನಮ್ಮ ಹಡಪದ. ಆಲಮೇಲದಾಕಿ.
ಅಪ್ಪನ ಕಟಿಂಗ್ ಅಂಗಡ್ಯಾಗ ಕೂದಲಾ ಗುಡಿಸಿ,
ಗಿರಾಕಿ ಬಿಟ್ಟು ಹೋದ ಪೇಪರ್ ಓದಿ ಬೆಳದಾಕಿ.
"ಕುರ್ಚಿ ಮ್ಯಾಲ ಕುಂತ್ರ ಗೌಡನೂ ಕುತಿಗಿ ಒಡ್ಡತಾನ, ಚಂದವ್ವಾಯಿ,
ಅಂಗಡಿ ಮೆಟ್ಟಲಾ ಇಳದ್ರ
ನಮ್ಮಪ್ಪನ ದನೀನ ಹೊರಡಂಗಿಲ್ಲ" ಅಂತಿದ್ಲು.
ನಾ ನಗತಿದ್ದೆ.
ಆಕಿ ನಗಸಾಕ ಹೇಳಿದ್ದಲ್ಲ.

ಸುರು ಆಗಿದ್ದು ಬ್ಯಾಳಿಯಿಂದ.
ಗಂಗಾಳದಾಗ ಹಣಿಕಿ ಹಾಕಿದ್ರ
ಮ್ಯಾಲಿನ ಫ್ಯಾನು ಕಾಣತಿತ್ತು, ಅಂಥಾ ಸಾರು.
ಬೋರ್ಡಿನ ಮ್ಯಾಲ ಸುಣ್ಣದ ಕಡ್ಡೀಲೆ ಬರದಿದ್ಲು:
ಈ ತಿಂಗಳ ತೊಗರಿ ಎಷ್ಟು ಬಂತು? ಎಷ್ಟು ಬೆಂತು?
ಮೇಡಮ್ಮೋರು ಒರಸಿದ್ರು.
ಮರುದಿನ ಅದ ಮಾತು, ಬ್ಯಾರೆ ಅಕ್ಷರ.
ಅದನ್ನೂ ಒರಸಿದ್ರು.
ಮೂರನೇ ದಿನ ಮೂರನೇಯಾಕಿ ಬರದಿದ್ಲು,
ಕಾಗುಣಿತ ತಪ್ಪಿತ್ತು, ಆದ್ರೂ ಬರದಿದ್ಲು.

"ಆಯ್ತು, ನಿಮ್ಮಾಗ ಒಬ್ಬಾಕಿನ್ನ ಆರಸತೀನಿ,
ಆಕಿ ಲೆಕ್ಕಾ ನೋಡಲಿ" ಅಂದ್ರು ಮೇಡಮ್ಮೋರು.
"ನಾವ ಆರಸತೀವ್ರಿ" ಅಂದ್ಲು ದಾನಮ್ಮ.

ಚೀಟಿ ಬ್ಯಾಡ, ಅಕ್ಷರದ ಗುರ್ತ ಹಿಡೀತಾರ.
ನನ್ನ ನೀರಿನ ಗಡಿಗಿ ತಂದ್ರು.
ದಾನಮ್ಮಗಾದ್ರ ಜ್ವಾಳ,
ತಿಕೋಟಾದ ಮಿಸ್ಬಾ ಇನಾಮದಾರಗಾದ್ರ ತೊಗರಿ.
ಒಬ್ಬೊಬ್ಬರ ಒಳಗ ಹೋಗಿ ಒಂದು ಕಾಳು ಹಾಕಿ
ಸೆರಗು ಸರಿ ಮಾಡಿಕೊಂಡು ಹೊರಗ ಬರಾಕತ್ತಿದ್ರು,
ಗುಡ್ಯಾಗಿಂದ ಬಂದಂಗ.
ಗಡಿಗಿ ಕಾಯಾಕ ನಾನು.
ಎಲ್ಲಾರೂ ಉಣ್ಣಾಕ ಹೋದಾಗ
ಜ್ವಾಳದ ಚೀಲ ಮಗ್ಗಲದಾಗ ಇತ್ತು.
ಒಂದು ಚಿಟಿಗಿ ಹಾಕಿದೆ,
ಸಾರಿಗಿ ಉಪ್ಪು ಹಾಕಿದಂಗ.

ಪರಾತದಾಗ ಸುರುವಿ ಎಣಿಸಿದ್ರು.
ನೂರಾ ಮೂವತ್ತೊಂದು.
ಮತ್ತ ಎಣಿಸಿದ್ರು.
"ಹೆಚ್ಚಿಗಿ ಇದ್ದವು ನಿನ್ನ ಕಾಳು ಬಿಡ" ಅಂತ ಯಾರೋ ಕಿವ್ಯಾಗ ಅಂದ್ರು.
ದಾನಮ್ಮ ಪರಾತ ಎತ್ತಿ
ಅಂಗಳದ ಗುಬ್ಬಿಗಳಿಗಿ ಚೆಲ್ಲಿದ್ಲು.
"ಇದು ಆಗಿಲ್ಲ. ನಾಳೆ ಮತ್ತ."

ಮರುದಿನ ತೊಗರಿ ಐವತ್ತೇಳು, ಜ್ವಾಳ ಐವತ್ನಾಕು.
ಒಬ್ಬಾಕಿ ಉಪ್ಪಿನ ಹರಳ ಹಾಕಿದ್ಲು,
ಇಬ್ಬರೂ ಬ್ಯಾಡಂತ.

ಸಿಟ್ಟಿಗೆದ್ದು ಆಕೀ ತಾಟಿನಾಗ ರೊಟ್ಟಿ ಒಗದೆ.
"ಗೆದ್ದಿದ್ದ ಚೆಲ್ಲಿ ಸೋತೆಲ್ಲ, ಹುಚ್ಚಿ!"
ನಾಕು ರೊಟ್ಟಿ ತಿಂದ್ಲು ಅವತ್ತು.
"ಮಿಸ್ಬಾಗ ಗೋದಾಮಿನ ಕೀಲಿ ಕೇಳಾಕ ಅಂಜಿಕಿ ಐತಿ,
ಮುಂಜಾನಿ ಜೋಡಿ ಹೋಗತೀನಿ" ಅಂದ್ಲು.
ವಾರದಾಗ ಸಾರಿನಾಗ ಫ್ಯಾನು ಕಾಣದಂಗಾತು.

ಆಮ್ಯಾಲ ಕಾಲೇಜಿನಾಗೂ ಚುನಾವಣಿ ಬೇಕಂತ
ಡೀಸಿ ಆಫೀಸಿನ ಮುಂದ ಕುಂತ್ರು.
ಮಟಮಟ ಮಧ್ಯಾಹ್ನ ವ್ಯಾನಿನಾಗ ಹಾಕ್ಕೊಂಡು ಹೋದ್ರು.
ನಾ ಬುಟ್ಟಿ ಹೊತ್ಕೊಂಡು ಠಾಣೇಕ ಹೋದೆ,
ಇಪ್ಪತ್ಮೂರು ಮಂದಿ, ನಲವತ್ತಾರು ರೊಟ್ಟಿ,
ಎರಡು ಹೆಚ್ಚಿಗಿ, ಪೊಲೀಸಪ್ಪಗ.
"ನಿಮ್ಮ ಲೀಡರ್ ಯಾರು?" ಅಂತ ಬರಕೊಳ್ಳಾಕತ್ತಿದ್ದ.
"ಈ ತಿಂಗಳು ಮಿಸ್ಬಾರಿ" ಅಂದ್ಲು ದಾನಮ್ಮ,
"ಮುಂದಿನ ತಿಂಗಳದ್ದು ಇನ್ನಾ ಎಣಿಸಿಲ್ಲ."
ಆ ಮಾತು ಹ್ಯಾಂಗ ಬರೀಬೇಕಂತ ತಿಳೀದ
ಅಂವ ಪೆನ್ನಿನ ಟೊಪ್ಪಿಗಿ ಕಚ್ಚಿಕೊಂಡು ಕುಂತ.

ಆ ಚಿಟಿಗಿ ಜ್ವಾಳದ್ದು
ಆಕಿಗೆ ಗೊತ್ತಾಗಿತ್ತೋ ಇಲ್ಲೋ.
ಒಂದ ಮಾತು ಕೇಳಲಿಲ್ಲ.
ಆದ್ರ ಅವತ್ತಿಂದ ಯಾವಾಗ ಗಡಿಗಿ ಇಟ್ರೂ
ಕಾಯಾಕ ಇಬ್ಬರು.
ನನ್ನ ತಗೀಲಿಲ್ಲ.
ನನ್ನ ಮಗ್ಗಲಕ ಇನ್ನೊಬ್ಬಾಕಿನ್ನ ಕೂಡಸಿದ್ಲು.

ಈಗ ಊರಾಗ ಪಂಚಾಯ್ತಿಗಿ ನಿಂತಾಳಂತ.
ಅಪ್ಪನ ಅಂಗಡಿ ಕನ್ನಡಿಗಿ ಆಕೀ ಚೀಟಿ ಅಂಟಿಸ್ಯಾರಂತ,
ಗಿರಾಕಿ ಕಡಿಮಿ ಆಗ್ಯಾವಂತ.
ಅಪ್ಪ ಮೆಟ್ಟಲಾ ಇಳದು ಮನಿಮನಿಗಿ ಅಡ್ಡಾಡತಾನಂತ,
ಏನೂ ಮಾತಾಡದ, ಬರೇ ಕೈ ಮುಗದು.

ನನ್ನ ಓಟು ಅಲ್ಲಿಲ್ಲ.
ಇದ್ದಿದ್ರ ಹಾಕತಿದ್ದೆ.
ಒಂದ.