ಉಸುರು ಹಿಡಿ

ಶಹಾಬಾದ ದವಾಖಾನಿಯೊಳಗ ಹದಿನೆಂಟು ವರ್ಷ
ನನ್ನ ನೌಕರಿ ಅಂದ್ರ ಮೂರು ಮಾತು:
ಎಳಕೋ. ಹಿಡಿ. ಬಿಡು.
ಉಳಿದದ್ದು ಮಷೀನಿನ ಕೆಲಸ.

ಗದ್ದ ಮ್ಯಾಲ, ಭುಜ ಮುಂದ,
ತಾಳಿ ಬಾಯಾಗ ಕಚ್ಚಿಕೋ ಯವ್ವಾ,
ತಾಯತ ತೆಗದಿಡೋ ಮಾಮಾ,
ಹಲಗಿ ತಣ್ಣಗದ, ಹೆದರಬ್ಯಾಡ.

ಫರಸಿ ಕಲ್ಲಿನ ಖಣಿಯವರು ಬರ್ತಿದ್ರು,
ಪಾಲಿಷ್ ಮಷೀನಿನವರು,
ಕಣ್ಣರೆಪ್ಪಿ ಮ್ಯಾಲೂ ಬೂದು ಹೊತ್ತು.
ಅಂಗಿ ಝಾಡಿಸಿದ್ರ ನನ್ನ ಖೋಲಿ ತುಂಬ
ಶಹಾಬಾದೇ ಹಾರತಿತ್ತು.

ಆ ವರ್ಷ ಎಲ್ಲಿಂದಲೋ ಒಂದು ಡಬ್ಬಿ ಬಂತು.
ಎದಿ ನೋಡಿ ತಾನೇ ಹೇಳತದ, ಡಾಕ್ಟರ್ ಬೇಕಿಲ್ಲ ಅಂದ್ರು.
ಡಾಕ್ಟರ್ ಹೆಂಗೂ ವಾರಕ್ಕೊಮ್ಮೆ, ಅದೂ ಬಂದ್ರ.
ಯಾವ ದೇಶದ ಎದಿ ನೋಡಿ ಕಲ್ತಿತ್ತೋ,
ಮಾಪಣ್ಣನ ಎದಿಗೂಡಿನ ಮ್ಯಾಲ
ಕುಂಕುಮ ಚೆಲ್ಲಿದಂಗ ಕೆಂಪು ಬಳದು
ಟಿ.ಬಿ. ಅಂತು. ನೂರಕ್ಕ ತೊಂಬತ್ತೊಂದು.

ಕಫದಾಗ ಹುಳ ಸಿಗಲಿಲ್ಲ.
ಮತ್ತೊಮ್ಮೆ ನೋಡಿದ್ರು. ಸಿಗಲಿಲ್ಲ.
ಆದರೂ ತೊಂಬತ್ತೊಂದು ಅಂದ್ರ ತೊಂಬತ್ತೊಂದಲ್ಲೇನು?
ಆರು ತಿಂಗಳು ಗುಳಿಗಿ ನುಂಗಿದ.
"ಉಚ್ಚಿ ಕೆಂಪಾತು ಅಕ್ಕಾ, ಕೆಮ್ಮು ಇದ್ದಲ್ಲೇ ಅದ" ಅಂತ
ನಗಲಿಕ್ಕ ಹೋಗಿ ಕೆಮ್ಮಿದ.

ನಾನು ಡಾಕ್ಟರ್ ಅಲ್ಲ, ಹೇಳೋ ಹಕ್ಕಿಲ್ಲ.
ಆದರ ಸಾವಿರ ಎದಿ ಬೆಳಕಿಗೆ ಹಿಡಿದವಳಿಗೆ
ಕಾಣತದ: ಇದು ಹುಳ ತಿಂದ ತೂತಲ್ಲ,
ಎರಡೂ ಕಡಿ ಸಣ್ಣ ಸಣ್ಣ ಕಾಳು,
ಜ್ವಾಳದ ನುಚ್ಚು ಚೆಲ್ಲಿದಂಗ.
ಕಲ್ಲು.
ಅದಕ ರಿಜಿಸ್ಟರಿನ ಅಂಚಿಗೆ ಪೆನ್ಸಿಲ್ಲಿಲೆ
ಒಂದು 'ಕ' ಬರೀತಿದ್ದೆ. ಯಾರಿಗಂತ ಬರೀತಿದ್ದೆನೋ.
ಆಡಿಟ್‌ನವರು ಒಮ್ಮೆ ಕೇಳಿದ್ರು;
ಕಪಾಟಿನ ಗುರ್ತು ಅಂದೆ.

ಸಫೂರಾ ಬಂದದ್ದು ಎರಡು ಬ್ಯಾಸಗಿ ಆದ ಮ್ಯಾಲ,
ಕಲಬುರಗಿ ಕಾಲೇಜಿನಾಕಿ, ಲೆಕ್ಕದಾಗ ಎದಿ ಓದೋಳು.
ಒಂದು ಹಾರ್ಡ್‌ಡಿಸ್ಕ್, ಒಂದು ಚೀಲ ಹುರದ ಶೇಂಗಾ.
"ಡಬ್ಬಿ ಎಲ್ಲಿ ತಪ್ಪತದ ತೋರಸ್ರಿ" ಅಂದಳು.
ಅಲ್ಲೀತನಕ ಯಾರೂ ಹಾಂಗ ಕೇಳಿರಲಿಲ್ಲ,
ಎಷ್ಟು ಸರಿ ಹೇಳತದ ಅಂತ್ಲೇ ಕೇಳ್ತಿದ್ರು.

ಹಳೇ ಹಾಳಿ ಹುಡುಕಿದ್ವಿ. ಕೆಲವು ಇಲಿ ತಿಂದಿದ್ವು,
ಕೆಲವು ಗ್ರಹಣ ನೋಡ್ಲಿಕ್ಕಂತ ಸಾಲಿ ಹುಡುಗರು ಒಯ್ದಿದ್ರು,
ಯಾರದೋ ಎದಿ ಹಾಯ್ದು ಸೂರ್ಯನ್ನ ನೋಡ್ಯಾರ.
ಉಳಿದದ್ದು ನಾಕನೂರಾ ಹನ್ನೆರಡು.
ಕಸುಬು ಬರದ ಕಾಗದ ಒಂದೂ ಇಲ್ಲ.
ಆಕಿ ಅಳೋದೊಂದು ಬಾಕಿ.
ಆಗ ನಾನು ರಿಜಿಸ್ಟರ್ ತೆರದು ಅಂಚು ತೋರಿಸ್ದೆ.
ಕ. ಕ. ಕ.

ಹೆಸರು ಕಿತ್ತು ನಂಬರ್ ಹಚ್ಚಿದ್ರು.
ಕಮಿಟಿ ಕೂತು, ಎದ್ದು, ಮತ್ತ ಕೂತು,
ಸಹಿ ಮಾಡೋ ಸಾಹೇಬರ ವರ್ಗ ಆಗಿ,
ಮೂರು ವರ್ಷ. ಅಷ್ಟರಾಗ ಮಾಪಣ್ಣ ಹೋದ.
ಸಫೂರಾ ಕಳಿಸಿದ ಲೇಖನದಾಗ ಮೂರನೇ ಚಿತ್ರ
ನೋಡಿದ ಕೂಡ್ಲೇ ಗುರ್ತು ಹಿಡದೆ.
ಹೆಸರು ಅಳಸಬಹುದು;
ಫರಸಿ ಬಿದ್ದು ಮುರದು, ವಾರಿ ಕೂಡಿದ
ಎಡಗಡಿ ಕೊರಳೆಲುಬು ಹೆಂಗ ಅಳಸ್ತೀರಿ?

ಹೊಸ ಡಬ್ಬಿಗೆ ಸೊಕ್ಕು ಕಡಿಮಿ.
ತಿಳೀದಿದ್ರ 'ಗೊತ್ತಿಲ್ಲ, ಡಾಕ್ಟರಿಗೆ ತೋರಸ್ರಿ' ಅಂತದ.
ಇಷ್ಟು ಕಲೀಲಿಕ್ಕ ಅದಕ
ನಾಕನೂರಾ ಹನ್ನೆರಡು ಎದಿ ಬೇಕಾದ್ವು.

ಇವತ್ತು ಸಾಬಮ್ಮ ಬಂದಾಳ, ಮಾಪಣ್ಣನ ಹೇಣ್ತಿ,
ಅದೇ ಪಾಲಿಷ್ ಮಷೀನಿಗೆ ಕಲ್ಲು ಜೋಡಸೋಳು.
ಫಾರ್ಮಿನಾಗ ಈಗ ಕಸುಬಿಗೂ ಜಾಗಾ ಅದ,
ಒತ್ತಿದ್ರ ಮೂರೇ ಇಳೀತಾವ:
ಕೃಷಿ, ಕೂಲಿ, ಇತರೆ.
'ಇತರೆ' ಒತ್ತಿ, ಪೆನ್ಸಿಲ್ ತಗೊಂಡೆ.

ಗದ್ದ ಮ್ಯಾಲ. ಭುಜ ಮುಂದ.
ಕಚ್ಚಲಿಕ್ಕ ತಾಳಿ ಇಲ್ಲ.
ಎಳಕೋ. ಹಿಡಿ.

ಪರದೆ ಮ್ಯಾಲ ಎದಿ ಮೆಲ್ಲಕ ತೆರೀತು.
ಡಬ್ಬಿ ಇನ್ನೂ ಏನೂ ಅಂದಿಲ್ಲ, ಬಿಳಿ ಚಕ್ರ ತಿರಗತದ,
ನಾನು ಬಗ್ಗಿ, ಬಲಗಡಿ ಮ್ಯಾಲಿನ ಮೂಲ್ಯಾಗ
ಕಾಳು ಅದಾವೋ ಇಲ್ಲೋ ಅಂತ

"ಅಕ್ಕಾ," ಗ್ವಾಡಿ ಕಡಿ ಮಾರಿ ಮಾಡಿ ಸಣ್ಣ ದನಿ,
"ಬಿಡ್ಲೇನು?"