ಶೇಷ

ದುರ್ಗದ ಬೈಲಿನ ಹಿಂದೆ, ಗಿರಮಿಟ್ಟಿನ ಗಾಡಿ ದಾಟಿದರೆ
ಮಕ್ತುಂಸಾಬರ ಅಂಗಡಿ.
ಹೊಟ್ಟೆ ತೆರೆದುಕೊಂಡು ಮೂರು ಪೇಟಿ ಮಲಗಿದ್ದವು:
ಒಂದು ಭಜನಿ ಮ್ಯಾಳದ್ದು, ಒಂದು ಚರ್ಚಿನದು,
ಮೂರನೆಯದರ ಮೈತುಂಬ ಉರುಸಿನ ಊದಿನ ವಾಸನೆ.
ನಮ್ಮಜ್ಜನ ಪೇಟಿಯ ಕರಿ ಎರಡು ಕೆಮ್ಮುತ್ತದೆಂದು
ನಾನು ನಾಲ್ಕನೆಯದನ್ನು ಒಯ್ದಿದ್ದೆ.

ಹಿತ್ತಾಳೆಯ ನಾಲಿಗೆಯೊಂದನ್ನು ಕಿತ್ತು
ಬೆಳಕಿಗೆ ಹಿಡಿದರು.
ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ.
ಯಾಕ್ರೀ? ಅಂದೆ.
"ತುದಿ ಹಗುರಾದ್ರ ಜಿಗೀತೈತಿ, ಬುಡ ಸಡ್ಲಾದ್ರ ಕುಂದರತೈತಿ.
ಮನಷ್ಯಾರೂ ಹಂಗ."
ಮೊದಲನೆಯ ಮಾತನ್ನಷ್ಟೇ
ಫಿಜಿಕ್ಸ್ ನೋಟ್‌ಬುಕ್ಕಿಗೆ ಇಳಿಸಿಕೊಂಡೆ.

ಸಾ ಹಿಡಿದು ಪಂಚಮಕ್ಕೆ ಹೋಗು: ಎರಡಕ್ಕೆ ಮೂರು.
ಆ ಪಂಚಮವನ್ನೇ ಸಾ ಮಾಡಿ ಮತ್ತೆ ಪಂಚಮಕ್ಕೆ.
ಹೀಗೆ ಹನ್ನೆರಡು ಮೆಟ್ಟಿಲು ಹತ್ತಿದರೆ
ಏಳು ಸಪ್ತಕದ ಮೇಲೆ ನಮ್ಮದೇ ಸಾ
ಬಾಗಿಲು ತೆಗೆದು ನಿಂತಿರಬೇಕು.
ನಿಂತಿರುವುದಿಲ್ಲ.

ರಾತ್ರಿ ಲೆಕ್ಕ ಮಾಡಿದೆ, ಕ್ಯಾಲ್ಕ್ಯುಲೇಟರ್ ಮುಟ್ಟದೆ.
ಹನ್ನೆರಡು ಮೂರುಗಳನ್ನು ಗುಣಿಸಿದರೆ
ಐದು ಲಕ್ಷದ ಮೂವತ್ತೊಂದು ಸಾವಿರದ ನಾನೂರ ನಲವತ್ತೊಂದು.
ಹತ್ತೊಂಬತ್ತು ಎರಡುಗಳನ್ನು ಗುಣಿಸಿದರೆ
ಅದಕ್ಕಿಂತ ಏಳು ಸಾವಿರದ ನೂರಾ ಐವತ್ಮೂರು ಕಡಿಮೆ.
ತಪ್ಪಿದೆನೆಂದು ಮತ್ತೆ ಮಾಡಿದೆ. ಅಷ್ಟೇ.

ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು:
ಮೂರು ಬೆಸ. ಬೆಸವನ್ನು ಬೆಸ ಗುಣಿಸಿದರೆ ಬೆಸವೇ.
ಪ್ರಳಯದ ತನಕ ಹತ್ತುತ್ತಿದ್ದರೂ
ಅದು ಸಮಕ್ಕೆ ಬರುವುದಿಲ್ಲ.
ಬಾಯಿತುಂಬ ನೊರೆ ಇಟ್ಟುಕೊಂಡು ಬಚ್ಚಲಲ್ಲೇ ನಿಂತೆ.
ತಬಲಾದ ಸತ್ಯಬೋಧ ಕೇಳಿ ನಕ್ಕ:
"ಸಮಕ್ಕ ಬರಲಾರದ್ದು ಇನ್ನೊಂದದ, ನಿನ್ನ ತಾನ."

ಹೊಸಕೇರಿ ಸರ್ ಬೋರ್ಡು ಒರೆಸುತ್ತ
"ಪರೀಕ್ಷಾಕ್ಕ ಬರೂದಿಲ್ಲ ಅದು" ಅಂದರು.
ಆದರೆ ಬೆಲ್ ಹೊಡೆದ ಮೇಲೂ
ಡಸ್ಟರು ಅವರ ಕೈಯಲ್ಲೇ ಇತ್ತು.

ನಮ್ಮ ಆಯಿ ಉಂಡ ತಾಟು ತೊಳೆದು ಆ ನೀರು ಕುಡಿಯುತ್ತಾಳೆ.
ರೊಟ್ಟಿಯ ಚೂರು, ಹಿಂಡಿಯ ಕಾಳು, ಏನೂ ಉಳಿಯುವುದಿಲ್ಲ.
ಅವಳ ಪ್ರಸಾದಕ್ಕೆ ಶೇಷವಿಲ್ಲ.
ಸತ್ಯಬೋಧನ ಮನೆಯ ಕ್ಯಾಲೆಂಡರಿನಲ್ಲೋ
ದೇವರು ಮಲಗಿರುವುದೇ ಶೇಷನ ಮೇಲೆ.
ಇಬ್ಬರ ನಡುವೆ ನನ್ನ ಭಾಗಾಕಾರ.
"ಆಯಿ, ಬೆಸಾನ ಸಮ ಮಾಡಾಕ ಶಿವಗೂ ಬರಂಗಿಲ್ಲೇನು?"
ಈಬತ್ತಿಯ ಬೆರಳು ಸೆರಗಿಗೆ ಒರೆಸಿ ಅಂದಳು:
"ಬರತೈತಿ ಅವಗ. ಒಲ್ಲೆ ಅಂದಾನ."
ಇದು ಸಾಧನೆಯಲ್ಲ, ಗೊತ್ತು.
ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.

ಎಂಟು ದಿನ ಬಿಟ್ಟು ಪೇಟಿ ತರಲು ಹೋದೆ.
ಆ ಏಳು ಸಾವಿರದ ಚಿಲ್ಲರೆ ಎಲ್ಲಿ ಹಾಕತೀರಿ, ಕೇಳಿದೆ.
ಮಕ್ತುಂಸಾಬರಿಗೆ ಅಂಕಿ ಗೊತ್ತಿರಲಿಲ್ಲ. ಚಿಲ್ಲರೆ ಗೊತ್ತಿತ್ತು.
"ಹನ್ನೆರಡು ಮಂದಿಗೆ ಹಂಚತೀನಿ, ತಂಗಿ.
ಒಬ್ಬನ ತಲಿಮ್ಯಾಲ ಹೊರಿಸಿದ್ರ ಅಂವ ರಾತ್ರಿ ನಾಯಿ ಅತ್ತಂಗ ಅಳತಾನ.
ಎಲ್ಲಾರೂ ಒಂದೀಟು ತಪ್ಪಿದ್ರ ಯಾರಿಗೂ ಕೇಳಂಗಿಲ್ಲ."
ನಿಮಗ?
"ನನಗ ಕೇಳತೈತಿ" ಅಂದು
ಮುನ್ನೂರಾ ಐವತ್ತು ಎಣಿಸಿಕೊಂಡರು.

ಚಿಗರಿ ಬಸ್ಸಿನಲ್ಲಿ ಪೇಟಿ ನನ್ನ ಕಾಲ ಸಂದಿಯಲ್ಲಿ.
ಉಣಕಲ್ ಕೆರೆಯ ಹತ್ತಿರ ಇಂಜಿನ್ನು ಒಂದು ಸ್ವರ ಹಿಡಿಯಿತು.
ತುಟಿ ಮುಚ್ಚಿ, ಅದರ ಪಕ್ಕದಲ್ಲಿ ನನ್ನದನ್ನು ಕೂರಿಸಿದೆ.
ಎರಡರ ನಡುವೆ ಏನೋ ಮಿಡಿಯಿತು,
ಸೆಕೆಂಡಿಗೆ ನಾಲ್ಕು, ಮೂರು,
ಹತ್ತಿರ ಬಂದಷ್ಟೂ ನಿಧಾನ.
ಪೂರಾ ಕೂಡಿದರೆ ನಿಂತುಹೋಗುತ್ತದೆ.
ಒಂದಕ್ಕೆ ತಂದು ಅಲ್ಲೇ ಬಿಟ್ಟೆ.
"ಭಜನಿ ಏನವಾ?" ಪಕ್ಕದ ಹೆಂಗಸು ಕೇಳಿದಳು.
ಹೌದು ಅನ್ನಲೋ ಅಲ್ಲ ಅನ್ನಲೋ,
ನವನಗರ ಬಂದಿತ್ತು, ನಾನಿನ್ನೂ ಎಣಿಸುತ್ತಿದ್ದೆ.